ಟ್ರೇಲರಿನ ಬಾಯಿಗೆ ಬೀಗ

ಅವತ್ತು ಬೆಳಿಗ್ಗೆಯೂ ಟ್ರೇಲರಿನ ಮೂತಿ ಅವಳ ಮೊಣಕಾಲ ಕೆಳಗಿನ ಮೂಳೆಗೇ ಬಡಿಯಿತು. ಕೈಯಲ್ಲಿ ನೀರಿನ ಬಕೆಟ್ ಇತ್ತು. ಅರ್ಧ ನೀರು ಹೊಸ್ತಿಲಿಗೆ ಹೋಯಿತು, ಅರ್ಧ ಸೀರೆಗೆ.

“ಇದನ್ನ ಆ ಕಡೆ ತಿರುಗಿಸಿ ನಿಲ್ಲಿಸಿ ಅಂತ ಎಷ್ಟು ಸಲ ಬಡ್ಕೊಳ್ಳಲಿ ನಿಮಗೆ?” ಅಂದಳು.

ಗಂಡ ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. “ತಿರುಗಿಸಿದ್ರೆ ಬೆಳಿಗ್ಗೆ ಎದ್ದಾಗ ಅದು ಇರಲ್ಲ.”

“ಇಲ್ದಿದ್ರೆ ಒಳ್ಳೇದೇ ಆಯ್ತು. ಮನುಷ್ಯರ ಹಾಗೆ ಬಾಗಿಲಿಂದ ಓಡಾಡ್ತೀನಿ.”

“ಈಗೇನು ಕಿಟಕಿಯಿಂದ ಹಾರ್ತಿದ್ದೀಯಾ?”

ಅವಳು ಬಕೆಟ್ ಕುಕ್ಕಿದಳು. ಅವನು ನಕ್ಕ. ಚಹಾ ಕುಡಿದು ಲೋಟ ಅಲ್ಲೇ ಬಿಟ್ಟು ಹೊರಟ. ಟ್ರೇಲರಿಗೆ ಅವತ್ತು ಕೆಲಸವಿರಲಿಲ್ಲ. ಜೀಪಿನ ದೀಪ ಕೆಟ್ಟಿತ್ತು, ಗಲ್ಲಿಯ ಬಾಯಲ್ಲಿದ್ದ ತಮ್ಮನ ವೆಲ್ಡಿಂಗ್ ಅಂಗಡಿಗೆ ಹೋಗಿ ಸರಿಮಾಡಿಸಬೇಕಿತ್ತು. ಒಂದು ಕಾಲೆತ್ತಿ, ಸೊಂಟ ತಿರುಗಿಸಿ, ಅಡ್ಡಡ್ಡವಾಗಿ ಮೂತಿ ದಾಟಿದ. ಅವಳು ಅವನ ಕಡೆ ನೋಡಲಿಲ್ಲ. ಚೆಲ್ಲಿದ ನೀರು ಒರೆಸುತ್ತಿದ್ದಳು.

ಬೇರೆಯವರ ಮನೆ ಸಾಗಿಸುವುದು ಅವನ ಕಸುಬು. ಮಂಚ, ಬೀರು, ಕನ್ನಡಿ, ಗಡಿಯಾರ, ಮುದುಕರ ಆರಾಮ ಕುರ್ಚಿ, ಎಲ್ಲವನ್ನೂ ಟ್ರೇಲರಿಗೆ ಹೇರಿ, ಹಗ್ಗ ಬಿಗಿದು, ಜೀಪಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ. ಊರಿನ ಅರ್ಧ ಜನರ ಮನೆ ಬದಲಾಯಿಸಿದವನು. ತಾನು ಮಾತ್ರ ಮದುವೆಯಾದಾಗ ಹಿಡಿದ ಒಂದೇ ಕೋಣೆಯಲ್ಲಿ ಉಳಿದ. ಆ ಕೋಣೆ ಗಲ್ಲಿಯ ತುದಿಯಲ್ಲಿತ್ತು. ಅಲ್ಲಿಂದ ಮುಂದೆ ಬರೀ ಗೋಡೆ.

ಎಳೆಯುವ ಕೆಲಸವಿಲ್ಲದಾಗ ಟ್ರೇಲರನ್ನು ಬಿಟ್ಟು ಹೋದರೆ ಯಾರಾದರೂ ತಮ್ಮ ಗಾಡಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಅದಕ್ಕೇ ಅವನದೊಂದು ಕ್ರಮವಿತ್ತು. ಗಲ್ಲಿಯ ಬಾಯಲ್ಲಿ ಜೀಪಿನಿಂದ ಟ್ರೇಲರ್ ಬಿಚ್ಚಿ, ಗಂಡ ಹೆಂಡತಿ ಇಬ್ಬರೂ ಸೇರಿ ಮೂತಿ ಮುಂದಾಗಿ ಒಳಕ್ಕೆ ತಳ್ಳಬೇಕು. ಮೂತಿ ತಮ್ಮ ಬಾಗಿಲಿಗೆ ಬಂದು ಮುಟ್ಟಬೇಕು. ಆಮೇಲೆ ಯಾವ ಗಾಡಿಯೂ ಅದರ ಹತ್ತಿರ ಬರಲಾರದು. ಮೂತಿಯ ತುದಿಯಲ್ಲಿ ಜೀಪಿನ ಹಿಂದಿರುವ ಕಬ್ಬಿಣದ ಗುಂಡು ಕೂರುವ ಬಟ್ಟಲಿನಂಥ ಕುಳಿಯಿದೆ. ಅದಕ್ಕೆ ಅವನು ಬಾಯಿ ಅನ್ನುತ್ತಿದ್ದ. ಬಾಯಿಯೊಳಗೆ ಗ್ರೀಸ್ ಸವರಿ, ಕಬ್ಬಿಣದ ಉಂಡೆಯಿರುವ ಬೀಗವನ್ನು ಕೆಳಗಿನಿಂದ ತುರುಕಿ, ತಿರುಗಿಸಿ, ಮಳೆ ನೀರು ಇಳಿಯದಂತೆ ಪ್ಲಾಸ್ಟಿಕ್ ಚೀಲ ಕಟ್ಟುವನು. ಮಣ್ಣು ತುಂಬದಿರಲೆಂದು ಮೂತಿಯ ಕೆಳಗೆ ಇಟ್ಟಿಗೆ ಕೊಡುವನು. ಗಾಲಿಯಿಂದ ಕಿಟಕಿ ಸರಳು ಸುತ್ತಿ ಅದೇ ಬೀಗಕ್ಕೆ ಸರಪಳಿ. ಜೀಪಿನ ಹಿಂದಿನ ಗುಂಡನ್ನೂ ಬಿಡುತ್ತಿರಲಿಲ್ಲ. ಅದನ್ನು ಕಳಚಿ, ಎಣ್ಣೆ ಬಟ್ಟೆ ಸುತ್ತಿ, ಮಂಚದ ಕೆಳಗೆ ಮಲಗಿಸುವನು. ಕೈ ಯಾವಾಗಲೂ ಕಪ್ಪು. ಗಲ್ಲಿಯವರು ಅವನಿಗೆ ಗ್ರೀಸಪ್ಪ ಎಂದೇ ಹೆಸರಿಟ್ಟಿದ್ದರು.

ಅವನು ಕೈ ತೊಳೆಯಲು ಹೋದಾಗ ಚೀಲ ಕಟ್ಟುವ ಕೆಲಸ ಅವಳ ಪಾಲಿಗೆ ಬರುತ್ತಿತ್ತು. ಬಚ್ಚಲಿನಿಂದಲೇ ಕೂಗುವನು, “ಏ, ಬಾಯಿ ಮುಚ್ಚಿದ್ಯಾ?”

“ಮುಚ್ಚಿದೆ!”

“ಗಟ್ಟಿಯಾಗಿ ಮುಚ್ಚು!”

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಟೈಲರಮ್ಮ ಇದನ್ನು ದಿನವೂ ಕೇಳಿ ಕೇಳಿ ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟಿದ್ದಳು. “ಅಕ್ಕಾ, ನೀವು ಹೀಗೆ ಸಹಿಸ್ಕೊಂಡ್ರೆ ಆಗಲ್ಲ. ದಿನಾ ಬಾಯಿ ಮುಚ್ಚು ಅಂತಾರಲ್ಲ, ನೀವೂ ಮುಚ್ಚಿದೆ ಅಂತ ಹೇಳ್ತೀರಲ್ಲ, ನನಗೆ ಹೊಟ್ಟೆ ಉರಿಯುತ್ತೆ.” ಇವಳು ನಕ್ಕು ನಕ್ಕು ಅಲ್ಲೇ ಕೂತಳು. ಟೈಲರಮ್ಮನಿಗೆ ಟ್ರೇಲರಿನ ಬಾಯಿ ತೋರಿಸಿದ ಮೇಲೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಬೀಗದ ಕೀಲಿ ಎಲ್ಲಿಡುತ್ತಾನೆಂದು ಮಾತ್ರ ಅವನು ಹೆಂಡತಿಗೂ ಹೇಳಿದವನಲ್ಲ. “ನಿನಗೆ ಹೇಳಿದ್ರೆ ಟೈಲರಮ್ಮಂಗೆ ಹೇಳಿದ ಹಾಗೆ. ಟೈಲರಮ್ಮಂಗೆ ಹೇಳಿದ್ರೆ ಮೈಕಲ್ಲಿ ಕೂಗಿಸಿದ ಹಾಗೆ.”

ಆ ದಿನ ಮಧ್ಯಾಹ್ನ ತಮ್ಮನ ಅಂಗಡಿಯಲ್ಲಿ ಹಳೇ ಟೈರಿನ ಮೇಲೆ ಕೂತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿದ. ಎದೆಬಡಿತ ನಿಂತಿತ್ತು. ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಒಂದು ಚೀಲ ಕೊಟ್ಟರು. ಅದರಲ್ಲಿ ಅಂಗಿ, ಚಪ್ಪಲಿ, ಜೀಪಿನ ಕೀಲಿ ಇದ್ದವು. ಬೀಗದ ಕೀಲಿ ಇರಲಿಲ್ಲ.

ಹೆಣ ಗಲ್ಲಿಗೆ ಬಂತು. ಮನೆಯೊಳಗೆ ಬರಲಿಲ್ಲ. ಟ್ರೇಲರ್ ಅಡ್ಡ ನಿಂತಿತ್ತು. ಪಕ್ಕದಲ್ಲಿ ಒಬ್ಬರು ಗೋಡೆಗೆ ಒರಗಿ ನುಸುಳುವಷ್ಟೇ ಜಾಗ. ಹೊತ್ತವರು ಎತ್ತಿ ನೋಡಿದರು, ಓರೆ ಮಾಡಿ ನೋಡಿದರು. ಗಂಡಸರು ಸೇರಿ ಟ್ರೇಲರನ್ನೇ ಹಿಂದಕ್ಕೆ ಜಗ್ಗಿದರು. ಸರಪಳಿ ಬಿಗಿಯಿತೇ ಹೊರತು ಗಾಲಿ ಮಿಸುಕಲಿಲ್ಲ. ಸರಪಳಿಯ ಕೊನೆಯೂ ಅದೇ ಬೀಗದೊಳಗಿತ್ತು.

ವೆಲ್ಡಿಂಗ್ ಅಂಗಡಿಯ ಮೈದುನ ಓಡಿಹೋಗಿ ಕತ್ತರಿಸುವ ಯಂತ್ರ ತಂದ. ಆ ಟ್ರೇಲರಿನ ಮೈಯೆಲ್ಲ ಅವನೇ ಬೆಸೆದದ್ದು. ಅಚ್ಚು, ಗಾಲಿ ತಂದವನು ಅಣ್ಣ. ಬೀಗದ ಸುತ್ತಲಿನ ದಪ್ಪ ಕವಚ ಹಾಕಿದವನೂ ಮೈದುನನೇ. ಕತ್ತರಿಸಿದರೆ ಬಾಯಿಯೂ ಹೋಗುತ್ತದೆಂದು ಅವನಿಗೆ ಗೊತ್ತು. ಯಂತ್ರ ಹಿಡಿದು ಮಂಡಿಯೂರಿದ. ಚಕ್ರ ತಿರುಗಿತು. ಬೀಗಕ್ಕಾಗಲಿ ಸರಪಳಿಗಾಗಲಿ ತಾಗಿಸದೆ ಅವನು ಅದನ್ನು ಆರಿಸಿ ಕೆಳಗಿಟ್ಟ.

“ಆಗಲ್ಲ. ಅಣ್ಣ ಬೈತಾನೆ,” ಅಂದ.

ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು. ಅವಳೂ ನಕ್ಕಳೋ ಏನೋ, ಅವಳಿಗೇ ನೆನಪಿಲ್ಲ. ಗಂಡನನ್ನು ತಮ್ಮನ ಅಂಗಡಿಯ ನೆಲದಲ್ಲೇ ಮಲಗಿಸಿದರು. ಅಲ್ಲಿಂದಲೇ ಹೋದ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ, ಪೆಟ್ಟಿಗೆಯಾಯಿತು. ಬಾಗಿಲು ತೆರೆದರೆ ಕಬ್ಬಿಣ, ಕಿಟಕಿ ತೆರೆದರೆ ಸರಪಳಿ. ಜೀಪನ್ನು ಮೈದುನ ಓಡಿಸತೊಡಗಿದ. ಅದು ಮಾವನ ಹೆಸರಿನಲ್ಲಿತ್ತು, ಅವಳು ಏನನ್ನೂ ಕೇಳಲಿಲ್ಲ. ಅವಳು ಟೈಲರಮ್ಮ ಹೊಲಿದ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಹಿಡಿದಳು. ಹೊಸ್ತಿಲ ಒಳಗೆ ಕೂತು ಹಾಕುವಳು. ಬೆಳಕು ಟ್ರೇಲರಿನ ಮೇಲಿನಿಂದ ಬಗ್ಗಿ ಬರಬೇಕು.

ಮೈದುನ ದಿನವೂ ಬರುತ್ತಿದ್ದ. ಟ್ರೇಲರಿನ ಆಚೆ ನಿಂತೇ ಮಾತಾಡುವನು.

“ಅತ್ತಿಗೆ, ಕೀಲಿ ಸಿಕ್ತಾ?”

“ಇಲ್ಲ.”

“ಅಕ್ಕಿ ಡಬ್ಬ ನೋಡಿದ್ರಾ?”

“ಅಕ್ಕಿ ಖಾಲಿ ಮಾಡಿ ನೋಡಿದೆ.”

“ನೋಡಿ ಅತ್ತಿಗೆ, ಬರೀ ಜೀಪು ಇಟ್ಕೊಂಡು ನಾನೇನು ಮಾಡಲಿ? ಟ್ರೇಲರ್ ಬಂದ್ರೆ ಅಣ್ಣನ ಗಿರಾಕಿಗಳು ನಮ್ಮ ಹತ್ರಾನೇ ಉಳೀತಾರೆ. ನೀವೂ ಇಲ್ಲಿ ಯಾಕೆ ಒಬ್ರೇ? ನಮ್ಮನೆಗೆ ಬನ್ನಿ. ನಿಮ್ಮ ತಂಗಿಗೂ ಅಡುಗೆಮನೇಲಿ ಒಂದು ಕೈ ಆಗುತ್ತೆ.”

ತಂಗಿ ಅಂದರೆ ಅವನ ಹೆಂಡತಿ, ಅವಳ ಓರಗಿತ್ತಿ. ಒಳ್ಳೆಯ ಹೆಂಗಸೇ. ಆದರೆ ಆ ಅಡುಗೆಮನೆಯ ಮೂಲೆ ಅವಳಿಗೆ ಗೊತ್ತಿತ್ತು. ಅಲ್ಲಿ ಅತ್ತೆ ಕೂರುತ್ತಿದ್ದಳು, ಸಾಯುವ ತನಕ, ಸೊಪ್ಪು ಬಿಡಿಸುತ್ತ. ಬಂದವರು ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಈ ನಡುವೆ ಬಡಗಿ ಬಂದು ಬೇರೆಯೇ ಮಾತು ಹೇಳಿ ಹೋದ. ಹಿಂದಿನ ಬೀದಿಯವನು, ಬೀರು ಮಾಡುವವನು, ಸ್ವಂತ ವ್ಯಾನು ಇದ್ದವನು. “ಅಮ್ಮಾ, ಟ್ರೇಲರ್ ನನಗೆ ಬಾಡಿಗೆಗೆ ಕೊಡಿ. ತಿಂಗಳಾದ್ರೆ ನಿಮ್ಮ ಕೈಗೇ ತಂದು ಕೊಡ್ತೀನಿ. ಆದ್ರೆ ನಿಮ್ಮ ಮೈದುನನ ಜೊತೆ ಜಗಳ ನನಗೆ ಬೇಡ. ಅವನು ಹೂಂ ಅನ್ನಬೇಕು.”

ಅವನು ಹೂಂ ಅನ್ನುವುದಿಲ್ಲ. ಅನ್ನಬೇಕಾಗಿಯೂ ಇಲ್ಲ. ಟ್ರೇಲರಿನ ಅರ್ಧ ಅವನದೇ. ಗಲ್ಲಿಯಿಂದ ಹೊರಬೀಳಲು ಅವನ ಅಂಗಡಿಯ ಮುಂದಿನ ದಾರಿ ಬಿಟ್ಟರೆ ಬೇರೆ ದಾರಿಯೂ ಇಲ್ಲ. ಬೀಗ ಬಿಚ್ಚಿದ ಗಳಿಗೆಯಲ್ಲೇ ಟ್ರೇಲರ್ ಅವನ ಜೀಪಿನ ಹಿಂದೆ ಹೋಗುತ್ತದೆ. ಅದನ್ನು ಕಾಯುವ ನೆಪ ಹೋದ ಮೇಲೆ ಟ್ರೇಲರಿನ ಹಿಂದೆ ಅವಳು, ಹಾಸಿಗೆ ಸುತ್ತಿಕೊಂಡು.

ಮೋಡ ಕಟ್ಟುತ್ತಿದ್ದ ಒಂದು ಮುಂಜಾನೆ ಪ್ಲಾಸ್ಟಿಕ್ ಚೀಲ ಹರಿದಿದ್ದು ಕಂಡಿತು. ಬಾಯಿಯ ಅಂಚಿನಲ್ಲಿ ಕೆಂಪು ತುಕ್ಕು. ಗಂಡನಿದ್ದಿದ್ದರೆ ಸಿಟ್ಟಿನಿಂದ ಕುಣಿದಾಡುತ್ತಿದ್ದ. ಗ್ರೀಸ್ ಡಬ್ಬ ತಂದು ಅದರೊಳಗೆ ಬೆರಳು ತುರುಕಿದಳು. ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಎಳೆದಳು. ಕೀಲಿ. ತುಕ್ಕು ಹಿಡಿಯಬಾರದೆಂದು ಕೀಲಿಯನ್ನೂ ಗ್ರೀಸಿನಲ್ಲೇ ಮುಳುಗಿಸಿಟ್ಟಿದ್ದ. ಎಲ್ಲರೂ ಒಣ ಜಾಗಗಳನ್ನೇ ಹುಡುಕಿದ್ದರು. ಅಷ್ಟು ಜಿಡ್ಡಿನಲ್ಲಿ ಯಾರು ಕೈ ಹಾಕುತ್ತಾರೆ?

ಸೀರೆ ಸೆರಗಿನಲ್ಲಿ ಒರೆಸಿದಳು. ಸೆರಗು ಹಾಳಾಯಿತು. ಮೊದಲು ಟೈಲರಮ್ಮನನ್ನು ಕೂಗೋಣ ಅನಿಸಿತು. ಹೆಸರು ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಂಡಳು. ಆಮೇಲೆ ಕೂತು ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಕೀಲಿಯನ್ನು ಡಬ್ಬದಲ್ಲೇ ಮುಳುಗಿಸಿ ಮುಚ್ಚಳ ಹಾಕಿದಳು.

ಕೀಲಿ ಇಲ್ಲದಾಗ ಇಲ್ಲ ಅನ್ನುವುದು ಸುಲಭವಾಗಿತ್ತು. ಈಗ ಅದೇ ಮಾತು ಹೇಳುವಾಗ ಕೈಯಲ್ಲಿನ ಗುಂಡಿಯನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಹೆಜ್ಜೆ ಸದ್ದಾದರೆ ಡಬ್ಬವನ್ನು ಮಂಚದ ಕೆಳಗೆ ತಳ್ಳುವಳು. ಅರ್ಧ ಬಾಗಿಲಿನ ಹಿಂದೆ ಅವಳನ್ನು ಯಾರೂ ಕೂಡಿಹಾಕಿಲ್ಲ. ಬಿಚ್ಚುವ ಕೀಲಿ ಅವಳದೇ ಡಬ್ಬದಲ್ಲಿದೆ. ಬಿಚ್ಚಿದರೆ ಬಾಗಿಲು ಪೂರ್ತಿ ತೆರೆಯುತ್ತದೆ, ಮನೆ ಹೋಗುತ್ತದೆ. ಬಿಚ್ಚದಿದ್ದರೆ ಮನೆ ಉಳಿಯುತ್ತದೆ, ಬಾಗಿಲು ಇಲ್ಲ.

ಒಂದು ಮಧ್ಯಾಹ್ನ ಮೈದುನ ಆಚೆ ನಿಲ್ಲಲಿಲ್ಲ. ಗೋಡೆಗೆ ಹೊಟ್ಟೆ ಒತ್ತಿಕೊಂಡು ನುಸುಳಿ ಬಂದು ಹೊಸ್ತಿಲ ಮೇಲೆ ಕೂತ. ಅವಳು ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು.

“ಅತ್ತಿಗೆ, ಇವತ್ತು ಒಂದು ತೀರ್ಮಾನ ಆಗ್ಲಿ. ನಾಳೆ ಕತ್ತರಿಸ್ತೀನಿ. ಹೊಸ ಬಾಯಿ ತಂದು ಬೆಸೆದ್ರಾಯ್ತು.”

“ಕತ್ತರಿಸು.”

“ಸಿಟ್ಟು ಮಾಡ್ಕೋಬೇಡಿ.”

“ಸಿಟ್ಟಿಲ್ಲ. ಅರ್ಧ ನಿನ್ನದು. ನಿನ್ನರ್ಧ ಕತ್ತರಿಸ್ಕೊಂಡು ಹೋಗು. ನಮ್ಮವರ ಅರ್ಧ ಇಲ್ಲೇ ಬಿಡು.”

“ಅದು ರೊಟ್ಟಿನಾ ಅತ್ತಿಗೆ, ಮುರಿದು ಹಂಚೋಕೆ?” ಅಂದವನು ನಗಲು ಹೋಗಿ ನಿಲ್ಲಿಸಿದ. ಅವಳ ಕೈ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಕಪ್ಪು. ಬಿಳಿ ಅಂಗಿಯ ಎದೆಪಟ್ಟಿಯ ಮೇಲೆ ಬೆರಳಿನ ಗುರುತು. ಅವನು ಹುಟ್ಟಿದಾಗಿನಿಂದ ಅಣ್ಣನ ಕೈ ನೋಡಿ ಬೆಳೆದವನು. ಆ ಕಪ್ಪು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಟ್ರೇಲರಿನ ಕಡೆ ತಿರುಗಿ ಬಾಯಿ ನೋಡಿದ. ತುಕ್ಕು ಇರಲಿಲ್ಲ. ಹೊಸ ಚೀಲ, ಹೊಸ ಗಂಟು.

“ಕೀಲಿ ಸಿಕ್ತಾ ಅತ್ತಿಗೆ?” ಮೆಲ್ಲಗೆ ಕೇಳಿದ.

ಅವಳು ದಾರ ಕಚ್ಚಿ ಹರಿದಳು. ದಾರ ಹಲ್ಲಿನಲ್ಲಿದ್ದರೆ ಮಾತಾಡಬೇಕಿಲ್ಲ.

ಅವನು ಚೀಲದ ಗಂಟನ್ನು ಒಮ್ಮೆ ಜಗ್ಗಿ ನೋಡಿದ. ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡ. “ಮಳೆ ಬರೋ ಹಾಗಿದೆ. ಈ ಗ್ರೀಸು ಸಾಲಲ್ಲ. ಬೀಗ ಸುಮ್ನೆ ಬಿಟ್ರೆ ಒಳಗೇ ಕಚ್ಕೊಂಡ್ಬಿಡುತ್ತೆ. ಆಮೇಲೆ ಕೀಲಿ ಇದ್ದೂ ಇಲ್ಲದ ಹಾಗೆ. ದಿನಾ ಒಂದು ಸಲ ತಿರುಗಿಸ್ತಿರಬೇಕು.” ಇಷ್ಟು ಹೇಳಿ ಗೋಡೆಗೆ ಒತ್ತಿಕೊಂಡು ನುಸುಳಿ ಹೋದ.

ಮರುದಿನ ಕತ್ತರಿಸಲು ಬರಲಿಲ್ಲ. ಟ್ರೇಲರಿನ ಆಚೆ ನಿಂತು ಎಂದಿನ ಹಾಗೆಯೇ ಕೇಳಿದ. ಅವಳು ಎಂದಿನ ಹಾಗೆಯೇ ಇಲ್ಲ ಅಂದಳು. ಅವನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಈಗಲೂ ಕೇಳುತ್ತಾನೆ, ಈಗಲೂ ಅನ್ನುತ್ತಾಳೆ. ಬಡಗಿ ಬೇರೆ ಟ್ರೇಲರ್ ಹುಡುಕಿಕೊಂಡ.

ಬೆಳಿಗ್ಗೆ ವೆಲ್ಡಿಂಗ್ ಅಂಗಡಿಯ ಶಟರ್ ಏಳುವ ಮೊದಲು ಅವಳು ಎದ್ದು ಬಾಗಿಲು ತೆರೆಯುತ್ತಾಳೆ. ಟ್ರೇಲರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಚೀಲ ಬಿಚ್ಚುತ್ತಾಳೆ. ಬೀಗದ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಕೀಲಿ ತಿರುಗಿಸುತ್ತಾಳೆ. ಬೀಗ ಬಿಚ್ಚಿಕೊಂಡು ಅಂಗೈಗೆ ಬೀಳುತ್ತದೆ. ಭಾರವಾಗಿದೆ. ಒಳಗಿನ ಹಳೇ ಗ್ರೀಸ್ ಬಟ್ಟೆಯಿಂದ ತೆಗೆದು ಹೊಸದು ಸವರುತ್ತಾಳೆ. ಬೀಗ ಮತ್ತೆ ಬಾಯಿಗಿಟ್ಟು, ಸರಪಳಿ ಸೇರಿಸಿ, ತಿರುಗಿಸಿ, ಕೂತಿತೋ ಇಲ್ಲವೋ ಎಂದು ಜಗ್ಗಿ ನೋಡುತ್ತಾಳೆ. ಚೀಲ ಕಟ್ಟುತ್ತಾಳೆ. ಆಮೇಲೆ ಕೈ ತೊಳೆದು ಒಲೆ ಹಚ್ಚುತ್ತಾಳೆ.