ಸವಣೂರಿನ ಹಲ್ಲಿನ ಡಾಕ್ಟರ್

ನಾನು ಹಾನಗಲ್ಲಿನಲ್ಲಿ ಹೈಸ್ಕೂಲು ಮಾಸ್ತರ. ಕಲಿಸುವುದು ವಿಜ್ಞಾನ. ಆದರೆ ಸುತ್ತಲಿನ ತಾಲೂಕುಗಳ ಶಾಲೆಗಳಲ್ಲಿ ನನಗೆ ಹೆಸರು ಬಂದದ್ದು ವಿಜ್ಞಾನದಿಂದಲ್ಲ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳಿಗೆ ಧೈರ್ಯ ಹೇಳಲು ಯಾರಾದರೊಬ್ಬರು ಬೇಕಲ್ಲ, ಆಗ ನನ್ನನ್ನು ಕರೆಯುತ್ತಿದ್ದರು. ದುಂಡಸಿಗೆ ಹೋಗಿದ್ದೇನೆ, ಅಬಲೂರಿಗೆ ಹೋಗಿದ್ದೇನೆ, ರಟ್ಟೀಹಳ್ಳಿಗೂ ಹೋಗಿ ಬಂದಿದ್ದೇನೆ. ಒಂದು ಶಾಲು, ಒಂದು ಹಾರ, ಒಂದು ಕಪ್ ಚಹಾ, ಆಮೇಲೆ ನನ್ನ ಭಾಷಣ. ಬೇಗ ಏಳಿ, ನಾಲ್ಕು ಹೆಜ್ಜೆ ನಡೆಯಿರಿ, ಮೊಬೈಲು ದೂರ ಇಡಿ, ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ, ಮನಸ್ಸಿನಲ್ಲಿದ್ದದ್ದನ್ನು ಯಾರ ಮುಂದಾದರೂ ಹೇಳಿಕೊಳ್ಳಿ. ಕೊನೆಗೆ ದನಿ ಸ್ವಲ್ಪ ಇಳಿಸಿ ಹೇಳುತ್ತಿದ್ದೆ: "ಹಲ್ಲು ನೋವಾದ್ರ ಡಾಕ್ಟರ್ ಹತ್ರ ಹೋಗ್ತೀರಿಲ್ಲೋ? ಬಾಯಿ ತಗದು ತೋರ್ಸಾಕ ನಾಚ್ಕೋತೀರೇನು? ಮನಸ್ಸೂ ಹಂಗ ನೋಡ್ರಿ. ಅದಕ್ಕೂ ಡಾಕ್ಟರ್ ಅದಾರ." ಇಷ್ಟು ಹೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಚಪ್ಪಾಳೆಗೆ ಎಷ್ಟು ಜಾಗ ಬಿಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಈ ಭಾಷಣವನ್ನು ನಾನು ಮೊದಲು ಒಪ್ಪಿಸುತ್ತಿದ್ದುದು ಅವ್ವನಿಗೆ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ನಾನು ಮಾತಾಡಿದರೆ, ಅವಳು ಕಂಬಕ್ಕೆ ಒರಗಿ ಕುಳಿತು ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೇಳುತ್ತಿದ್ದಳು. ಅವಳ ಬಾಯಲ್ಲಿ ಆಗಲೇ ಒಂದು ಹಲ್ಲೂ ಉಳಿದಿರಲಿಲ್ಲ. ಕುಟ್ಟದೆ ಬಾಯಿಗೆ ಹಾಕುವಂತಿಲ್ಲ, ಹಾಕದೆ ಅವಳಿಗೆ ದಿನ ಹೋಗುವುದಿಲ್ಲ. "ಹಲ್ಲಿನ ಮಾತು ಬಾಳ ಚಲೋ ಬಂತು ನೋಡಪಾ" ಎಂದು ಬೊಚ್ಚು ಬಾಯಿ ಅಗಲಿಸಿ ನಗುತ್ತಿದ್ದಳು. "ನನಗಂತೂ ಆ ತ್ರಾಸ ತಪ್ಪಿತು." ಅಪ್ಪ ಬದುಕಿದ್ದ ದಿನಗಳ ಮಾತು ಅದು.

ಅಪ್ಪ ಹೋದ ಎರಡನೇ ವರ್ಷ ನನಗೆ ಶುರುವಾಯಿತು. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಎದೆಯಲ್ಲಿ ಒಂದು ಹೆದರಿಕೆ. ಯಾರ ಹೆದರಿಕೆ, ಯಾತರ ಹೆದರಿಕೆ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಎದ್ದು ಕುಳಿತು ಗೋಡೆ ನೋಡುತ್ತಿದ್ದೆ. ಸ್ನಾನಕ್ಕೆ ಹೋಗುವುದು ಒಂದು ದೊಡ್ಡ ಕೆಲಸದಂತೆ ಕಾಣುತ್ತಿತ್ತು. ಶಾಲೆಯಲ್ಲಿ ಪಾಠ ಮಾಡುತ್ತ ಮಾಡುತ್ತ ದನಿ ನಿಂತುಹೋಗಿ, ಕೆಮ್ಮು ಬಂದವನಂತೆ ನಟಿಸಿ ಹೊರಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ನಿಂತು ಅತ್ತಿದ್ದೇನೆ. ಗಂಡಸು, ಅದೂ ಮಾಸ್ತರ, ಬಿಸಿಲಲ್ಲಿ ನಿಂತು ಅಳುವುದೆಂದರೆ ಎಂಥ ನಾಚಿಕೆಗೇಡು ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ನಾನೇ ಹೇಳಿದ ಸಲಹೆಗಳನ್ನೆಲ್ಲ ಮಾಡಿ ನೋಡಿದೆ. ಬೇಗ ಎದ್ದೆ, ಆನಿಕೆರೆಯ ದಂಡೆಯ ಮೇಲೆ ನಡೆದೆ, ಮೊಬೈಲು ದೂರ ಇಟ್ಟೆ. ಯಾರ ಮುಂದಾದರೂ ಹೇಳಿಕೊಳ್ಳುವುದೊಂದನ್ನು ಮಾತ್ರ ಮಾಡಲಿಲ್ಲ.

ಎದೆ ಬಡಿತ ಹೆಚ್ಚಾಗಿ ಹಾವೇರಿಗೆ ಹೋಗಿ ಹೃದಯ ತೋರಿಸಿದೆ. ಆ ಡಾಕ್ಟರು ಇಸಿಜಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ಹೃದಯ ಗಟ್ಟಿ ಐತ್ರಿ ಸರ. ಒಮ್ಮೆ ಮನಸ್ಸಿನ ಡಾಕ್ಟರಿಗೆ ತೋರ್ಸ್ರಿ" ಎಂದರು. ಹೃದಯ ಗಟ್ಟಿಯಿದೆ ಎಂದು ಕೇಳಿ ಮುಖ ಸಣ್ಣದು ಮಾಡಿಕೊಂಡವನು ನಾನೊಬ್ಬನೇ ಇರಬೇಕು. ಹೃದಯ ಕೆಟ್ಟಿದ್ದರೆ ಮನೆಯಲ್ಲಿ ಹೇಳಬಹುದಿತ್ತು, ರಜೆ ಹಾಕಬಹುದಿತ್ತು, ನೋಡಲು ಬಂದವರು ಎಳನೀರು ತರುತ್ತಿದ್ದರು.

ಇನ್ನು ಮನಸ್ಸಿನ ಡಾಕ್ಟರನ್ನು ಎಲ್ಲಿ ಹುಡುಕುವುದು? ಹಾನಗಲ್ಲು ಬೇಡ, ಊರೆಲ್ಲ ನನ್ನ ವಿದ್ಯಾರ್ಥಿಗಳೇ. ಶಿಗ್ಗಾಂವಿ ಹೆಂಡತಿಯ ತವರು. ಹಿರೇಕೆರೂರಿನಲ್ಲಿ ಮೊದಲು ನೌಕರಿ ಮಾಡಿದ್ದೇನೆ, ಬಸ್ಸು ಇಳಿದರೆ ಸಾಕು ನಮಸ್ಕಾರಗಳು ಬೀಳುತ್ತವೆ. ಹಾವೇರಿಯಲ್ಲಿ ಇಲಾಖೆಯವರು. ಉಳಿದದ್ದು ಸವಣೂರು. ಅಲ್ಲಿಗೆ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಬಂದು ಕೂಡುತ್ತಾರೆಂದು ತಿಳಿಯಿತು. ನೂರು ಮಂದಿಯ ಮುಂದೆ ನಾಚಬೇಡಿ ಎಂದು ಹೇಳಿದವನು, ಬಂಕಾಪುರದಲ್ಲಿ ಬಸ್ಸು ಬದಲಿಸಿ, ತಲೆಗೆ ಟವೆಲು ಸುತ್ತಿಕೊಂಡು ಅಲ್ಲಿಗೆ ಹೋದೆ.

ಆಕೆಯ ಕೋಣೆ ಒಂದು ಕಟ್ಟಡದ ಮಹಡಿಯಲ್ಲಿತ್ತು. ಕೆಳಗೆ ಒಬ್ಬ ಹಲ್ಲಿನ ಡಾಕ್ಟರ ದವಾಖಾನೆ. ನನ್ನ ಸಂಕಟವನ್ನೆಲ್ಲ ಕೇಳಿ, ಆಕೆ ಗುಳಿಗೆ ಬರೆದುಕೊಟ್ಟು, "ಮನ್ಯಾಗ ಹೇಳೀರೇನ್ರಿ?" ಎಂದು ಕೇಳಿದರು. "ಹೇಳೇನ್ರಿ" ಎಂದೆ. ಅದು ಮೊದಲನೆಯ ಸುಳ್ಳು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಬಾಗಿಲಲ್ಲೇ ಎದುರಾದವನು ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ಸವಣೂರು ಅವನ ಮಾವನ ಮನೆ ಎಂಬುದು ನನಗೆ ಮರೆತೇ ಹೋಗಿತ್ತು.

"ಏನ್ ಸರ, ನೀವಿಲ್ಲಿ?" ಎಂದ.

ಯೋಚನೆ ಮಾಡುವ ಮೊದಲೇ ಕೈ ಗಲ್ಲಕ್ಕೆ ಹೋಯಿತು. "ಹಲ್ಲುನೋವ್ರಿ. ಬಾಳ ತ್ರಾಸ ಕೊಡಾಕತ್ತೈತಿ" ಎಂದೆ. ನನ್ನದೇ ಭಾಷಣದಿಂದ ನನ್ನ ಬಾಯಿಗೆ ಬಂದ ಹಲ್ಲು ಅದು.

ನಾನು ಮನೆ ಸೇರುವುದರೊಳಗೆ ಅವನ ಫೋನು ಬಂದು, ಹೆಂಡತಿ ಲವಂಗ ಅರೆದು ಇಟ್ಟುಕೊಂಡು ಕಾಯುತ್ತಿದ್ದಳು. "ನನಗ್ಯಾಕ ಹೇಳಲಿಲ್ರಿ? ಹಲ್ಲುನೋವು ಮುಚ್ಚಿಡೋ ಅಂಥಾದ್ದೇನು?" ಎಂದು ಕಣ್ಣಲ್ಲಿ ನೀರು ತಂದಳು. ಅಂದಿನಿಂದ ನನ್ನ ತಾಟಿನ ಮೇಲೆ ಕಡಕ್ ರೊಟ್ಟಿ ಬಂದ್ ಆಯಿತು. ಶೇಂಗಾ ಇಲ್ಲ, ಮೂಲಂಗಿ ಇಲ್ಲ, ಹಪ್ಪಳವಂತೂ ಇಲ್ಲವೇ ಇಲ್ಲ. ಹಾಲಿನಲ್ಲಿ ಕಿವುಚಿದ ರೊಟ್ಟಿ, ಅಕ್ಕಿ ಗಂಜಿ, ಮೆತ್ತಗೆ ಬೇಯಿಸಿದ ಸಜ್ಜಕ. ಪಡಸಾಲೆಯಲ್ಲಿ ಅವ್ವ ಒಂದು ತಾಟು, ನಾನೊಂದು ತಾಟು, ಎರಡರಲ್ಲೂ ಅದೇ ಮೆತ್ತನೆಯ ಊಟ. ಗಲ್ಲಿಯವರೆಲ್ಲ ನನ್ನ ಹಲ್ಲಿನ ಯೋಗಕ್ಷೇಮ ಕೇಳುವವರೇ. ಒಬ್ಬರು ಉಪ್ಪುನೀರು ಎಂದರು, ಒಬ್ಬರು ಬೇವಿನ ಕಡ್ಡಿ ಎಂದರು. ಇಲ್ಲದ ಹಲ್ಲುನೋವಿಗೆ ಇಷ್ಟು ಅಂತಃಕರಣ! ಒಂದೊಂದು ಸಲ ಅವರ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ, ಪಾಪ ನೋವು ಜಾಸ್ತಿಯಾಗಿದೆ ಎಂದು ಅವರು ಇನ್ನಷ್ಟು ಮರುಗುತ್ತಿದ್ದರು.

ಗುಳಿಗೆ ನಿಧಾನವಾಗಿ ಕೆಲಸ ಮಾಡಿತು. ಬೆಳಗಿನ ಹೆದರಿಕೆ ತೆಳುವಾಯಿತು, ಪಾಠ ಮಾಡುವಾಗ ದನಿ ಉಳಿಯಿತು. ಆದರೆ ಅದರ ಜೊತೆಗೆ ಬಂದದ್ದು ಹಸಿವೆ. ಎಂಥ ಹಸಿವೆ ಎಂದರೆ, ಗಂಜಿ ಕುಡಿದು ಏಳುವಾಗಲೇ ಮತ್ತೊಂದು ಊಟ ಬೇಕೆನಿಸುತ್ತಿತ್ತು. ಕಡಕ್ ರೊಟ್ಟಿ ಮುರಿಯುವ ಸಪ್ಪಳ ಪಕ್ಕದ ಮನೆಯಿಂದ ಕೇಳಿದರೂ ಬಾಯಲ್ಲಿ ನೀರು. ಸವಣೂರಿಗೆ ಹೋದವರು ಅಲ್ಲಿಯ ಸೇವು-ಬೂಂದಿಯ ಖಾರಾ ತರದೆ ಬರುವುದುಂಟೇ? ಪ್ರತಿ ಸಲವೂ ತರುತ್ತಿದ್ದೆ. ಹೆಂಡತಿ, ಮಗಳು ಕುರುಕುರು ತಿನ್ನುತ್ತಿದ್ದರೆ ನಾನು ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ಕೂಡುತ್ತಿದ್ದೆ. ಅವ್ವನಿಗೆಂದು ಸವಣೂರಿನ ಎಲೆಯ ಕಟ್ಟು ತರುತ್ತಿದ್ದೆ. "ಇಡು" ಎನ್ನುತ್ತಿದ್ದಳು. ಅಪ್ಪ ಹೋದಮೇಲೆ ಅವಳ ಮಾತು ಕಡಿಮೆಯಾಗಿತ್ತು, ನೆರೆಮನೆಯ ಕಟ್ಟೆಗೆ ಹೋಗುವುದೂ ನಿಂತಿತ್ತು. ವಯಸ್ಸಾಯಿತಲ್ಲ ಎಂದು ನಾವೆಲ್ಲ ಅದನ್ನು ಅಲ್ಲಿಗೇ ಬಿಟ್ಟಿದ್ದೆವು.

ಒಂದು ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋಗಿದ್ದಳು. ಮಧ್ಯಾಹ್ನ ಅವ್ವ ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡು ನಾನು ಅಡುಗೆಮನೆಗೆ ನುಗ್ಗಿದೆ. ಖಾರಾದ ಡಬ್ಬಿ ತೆಗೆದು ನಿಂತಲ್ಲೇ ಮುಷ್ಟಿಗಟ್ಟಲೆ ಮುಕ್ಕತೊಡಗಿದೆ. ಅದು ಮುಗಿಯುವ ಮೊದಲೇ ಬುಟ್ಟಿಯ ಮೇಲಿನ ಅರಿವೆ ಸರಿಸಿ ಕಡಕ್ ರೊಟ್ಟಿಯೊಂದನ್ನು ಮುರಿದೆ. ಬಾಯಿತುಂಬ ರೊಟ್ಟಿ, ಗದ್ದದ ಮೇಲೆಲ್ಲ ಸೇವು. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ.

"ಸಪ್ಪಳ ಬಂತು. ಇಲಿ ಅಂತ ಮಾಡಿದ್ದೆ" ಎಂದಳು.

ನಾನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ತಾಯಿಯ ಮುಂದೆ ಕದ್ದು ತಿಂದು ಸಿಕ್ಕಿಬಿದ್ದಿದ್ದೆ, ಆ ವಯಸ್ಸಿನಲ್ಲಿ! ಗಲ್ಲಕ್ಕೆ ಕೈ ಹೋಯಿತು. ಅವ್ವ ಆ ಕೈಯನ್ನೇ ನೋಡಿ, "ನಿನ್ನಿ ಎಡಗಡಿ ಇತ್ತು" ಎಂದಳು. ಆಮೇಲೆ ತುಪ್ಪದ ಗಿಂಡಿಯನ್ನು ನನ್ನ ಕಡೆ ಸರಿಸಿ, "ಒಣಾದು ತಿನಬ್ಯಾಡ" ಎಂದು ಹೊರಟುಹೋದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ದಿನಗಳಲ್ಲಿ ಹೆಂಡತಿ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ತಾಟಿಗೆ ಎಂದಿನಂತೆ ಮೆತ್ತನೆಯ ರೊಟ್ಟಿ ಬೀಳುತ್ತಿತ್ತು, ಅವ್ವ ಎಂದಿನಂತೆ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದಳು.

ಮತ್ತೆ ಸವಣೂರಿಗೆ ಹೋಗುವ ದಿನ ಬಂತು. ಅಂಗಿ ಹಾಕಿಕೊಂಡು ಪಡಸಾಲೆಗೆ ಬಂದರೆ, ಅವ್ವ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಕುಳಿತಿದ್ದಾಳೆ.

"ಎಲ್ಲಿಗವ್ವಾ?"

"ನಿನ್ನ ಕೂಡ. ಆ ಹಲ್ಲಿನ ಡಾಕ್ಟರ್ ಹತ್ರ."

ಒಳಗಿನಿಂದ ಹೆಂಡತಿ ನಕ್ಕಳು. "ಅತ್ತಿ, ನಿಮ್ಮ ಬಾಯಾಗ ಒಂದರ ಹಲ್ಲು ಐತೇನ್ರಿ ತೋರ್ಸಾಕ?"

ಅವ್ವ ನಗಲಿಲ್ಲ. "ದವಡಿ ನೋಯಾಕತ್ತೈತಿ" ಎಂದಳು, ಅಷ್ಟೇ.

ಅವಳು ಎಲೆ ಅಡಿಕೆ ಇಲ್ಲದೆ ಗಲ್ಲಿಯ ತುದಿಗೂ ಹೋದವಳಲ್ಲ. ತರುತ್ತೇನೆಂದು ಅವಳ ಮೂಲೆಗೆ ಹೋದೆ. ಎಲೆ ಸುತ್ತಿಡುವ ಅರಿವೆ ಒದ್ದೆಯಾಗಿರಬೇಕಿತ್ತು, ಒಣಗಿ ಗಡುಸಾಗಿತ್ತು. ಬಿಚ್ಚಿದರೆ ಒಂದರ ಮೇಲೊಂದು ನಾನು ತಂದ ಕಟ್ಟುಗಳೇ. ಮೇಲಿನದು ಹಳದಿ, ಕೆಳಗಿನವು ಕಪ್ಪಗೆ ಕೊಳೆತು ಒಣಗಿದ್ದವು. ಯಾವ ಕಟ್ಟಿನ ದಾರವನ್ನೂ ಬಿಚ್ಚಿರಲಿಲ್ಲ. ಕುಟ್ಟಾಣಿಯಲ್ಲಿ ಜೇಡ ಬಲೆ ಕಟ್ಟಿತ್ತು. ಇಷ್ಟಪಟ್ಟದ್ದೆಲ್ಲ ಬೇಡವಾಗುವುದು ಮೊದಲ ಲಕ್ಷಣ ಎಂದು ಊರೂರಿಗೆ ಹೋಗಿ ಬೆರಳೆತ್ತಿ ಹೇಳಿ ಬಂದವನು ನಾನು. ನನ್ನ ಮನೆಯಲ್ಲಿ ಕುಟ್ಟಾಣಿಯ ಸಪ್ಪಳ ನಿಂತು ಎಷ್ಟು ದಿನವಾಗಿತ್ತೋ ನನಗೆ ಗೊತ್ತಿರಲಿಲ್ಲ. ಭೂಮಿ ಬಿರಿದರೆ ಇಳಿದುಬಿಡಬೇಕು ಅನ್ನಿಸಿತು. ಹೆಂಡತಿಗೆ ಕಾಣದಂತೆ ಅರಿವೆಯನ್ನು ಹಾಗೆಯೇ ಸುತ್ತಿಟ್ಟು ಬಂದೆ. ಮುಚ್ಚಿಡುವುದು ಅಷ್ಟು ರೂಢಿಯಾಗಿತ್ತು ನನಗೆ.

ಬಸ್ಸು ಊರು ದಾಟಿದ ಮೇಲೆ ಅವ್ವ ಮಾತಾಡಿದಳು.

"ನಿಮ್ಮಪ್ಪ ಹೋದಮ್ಯಾಲೆ ಮುಂಜಾನಿ ಎದ್ದು ಗ್ವಾಡಿ ನೋಡ್ಕೋತ ಕುಂದರತಿದ್ದಿ ನೀನು. ಹೌದಿಲ್ಲೋ?"

"ಹೌದವ್ವ."

"ಈಗ ಕುಂದ್ರಂಗಿಲ್ಲ. ಆ ಡಾಕ್ಟರ್ ಯಾರೋ ಚಲೋ ಇರಬೇಕು." ಸೆರಗು ಸರಿ ಮಾಡಿಕೊಂಡು ಕಿಟಕಿಯ ಕಡೆ ನೋಡಿದಳು. "ನಾ ಇನ್ನೂ ಕುಂದರತೇನಿ, ತಮ್ಮಾ."

"ನನಗ ಯಾಕ ಹೇಳಲಿಲ್ಲವ್ವಾ?" ಎಂದು ಕೇಳಿದೆ. ಕೇಳಿದ ಮೇಲೆ, ಕೇಳುವ ಬಾಯಿ ಯಾರದು ಎಂಬುದು ಹೊಳೆದು ಮೈಯೆಲ್ಲ ಕುಗ್ಗಿತು. ಅವ್ವ ಅದನ್ನು ಆಡಿ ತೋರಿಸಲಿಲ್ಲ. "ನಿನಗ ನಿಂದ ಸಾಕಾಗಿತ್ತು" ಎಂದಳು.

ಬಂಕಾಪುರದಲ್ಲಿ ಇಳಿದು ಸವಣೂರಿನ ಬಸ್ಸಿಗೆ ಕಾಯುತ್ತಿದ್ದೆವು. ಕಟ್ಟೆಯ ಮೇಲೆ ಜನ ತುಂಬಿದ್ದರು. ಅಷ್ಟರಲ್ಲಿ ಅದೇ ಕನ್ನಡ ಮಾಸ್ತರ, ಮಾವನ ಮನೆಗೆ ಹೊರಟವನು, ನಮ್ಮನ್ನು ಕಂಡು ಬಂದ. ನನಗೆ ನಮಸ್ಕಾರ ಮಾಡಿ ಅವ್ವನ ಕಡೆ ತಿರುಗಿ, "ಏನವ್ವಾರ, ನೀವೂ ಹಲ್ಲು ತೋರ್ಸಾಕ ಹೊಂಟ್ರೇನು?" ಎಂದು ನಗೆಯಾಡಿದ.

ಅವ್ವ ತಲೆಯೆತ್ತಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಇಲ್ಲಪಾ, ನಾ ಮನಸ್ಸಿನ ಡಾಕ್ಟರ್ ಹತ್ರ ಹೊಂಟೇನಿ. ಮನಿಯವ್ರು ಹೋದಾಗಿಂದ ಮನಸ್ಸು ನೆಟ್ಟಗಿಲ್ಲ ನಂದು. ಅದಕ್ಕೂ ಡಾಕ್ಟರ್ ಅದಾರಂತ, ನಾಚಬಾರದಂತ." ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು, "ನನ್ನ ಮಗಂದು ಹಲ್ಲಿಂದು" ಎಂದಳು.

ಮಾಸ್ತರನ ನಗೆ ನಿಂತಿತು. ನನ್ನ ಕಡೆ ತಿರುಗಿ, "ಇನ್ನೂ ಕಡಿಮಿ ಆಗಿಲ್ಲೇನ್ರಿ ಸರ?" ಎಂದು ಕೇಳಿದ. ಅವ್ವನ ಕೈ ನನ್ನ ಮೊಣಕೈಯ ಮೇಲೆಯೇ ಇತ್ತು. ಬಾಯಿ ತೆರೆದೆ. ನೂರಾರು ಮಕ್ಕಳ ಮುಂದೆ ತಡವರಿಸದೆ ಆಡಿದ ಬಾಯಿ.

"ಇಲ್ರಿ," ಎಂದೆ, "ಇನ್ನೂ ನೋಯ್ತೈತಿ." ನನ್ನ ಕೈ ಗಲ್ಲದ ಮೇಲಿತ್ತು.