ನನ್ನ ಹೆಗಲ ಮೇಲಿನ ನಾಲ್ಕು ಬೆರಳು

ಮೊನ್ನೆ ಸೋಮವಾರ ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಆಫೀಸಿಗೆ ಕಾಲಿಟ್ಟ ತಕ್ಷಣ ಸಹೋದ್ಯೋಗಿ ಬಿಜು ಕೂಗಿದ: "ಸಾರೇ, ಟಿವಿ ತುಂಬಾ ನಿಮ್ಮ ಫ್ರೆಂಡೇ!"

ಇಡೀ ಸೆಕ್ಷನ್ ನಕ್ಕಿತು.

ಫ್ರೆಂಡ್ ಅಂದರೆ ಆ ಪ್ರಸಿದ್ಧ ಓಟಗಾರ. (ಹೆಸರು ಬರೆಯುವುದಿಲ್ಲ. ಅವರ ಮನೆಯಲ್ಲಿ ಆಗಲೇ ಬೇಕಾದಷ್ಟು ರಂಪವಾಗಿದೆ.) ಹೆಂಡತಿಯ ಕಣ್ಣು ತಪ್ಪಿಸಿ ಇನ್ನೊಬ್ಬಳ ಜೊತೆ ಸಂಬಂಧವಿತ್ತಂತೆ. ಪ್ರೆಷರ್ ಕುಕ್ಕರ್ ಜಾಹೀರಾತಿನಲ್ಲಿ ಹೆಂಡತಿಗೆ ಅನ್ನ ಬಡಿಸುತ್ತಿದ್ದ ಆದರ್ಶ ಪತಿ! ಜಾಹೀರಾತು ಎರಡೇ ದಿನದಲ್ಲಿ ಮಾಯ. ಅವನ ಓಟ ಒಂದು ಸೆಕೆಂಡೂ ನಿಧಾನವಾಗಿಲ್ಲ, ಪದಕಗಳೂ ಅಲ್ಲೇ ಇವೆ. ಆದರೂ ಬಿದ್ದ.

ಜೊತೆಗೆ ನಾನೂ ಬಿದ್ದೆ. ಹೇಗೆ ಅಂತೀರಾ?

ಏಳು ವರ್ಷದ ಹಿಂದೆ ಕೊಚ್ಚಿಯಲ್ಲಿದ್ದಾಗ ಎಡಪ್ಪಳ್ಳಿಯ ಮಾಲ್‌ನಲ್ಲಿ ಅವನ ಜೊತೆ ಫೋಟೊ ತೆಗೆಸಿಕೊಂಡಿದ್ದೆ. ಬಲಕ್ಕೆ ಅವನು, ನಡುವೆ ನಾನು, ಎಡಕ್ಕೆ ನನ್ನ ಹೆಗಲ ಮೇಲೆ ಕೈಯಿಟ್ಟ ಹೆಂಡತಿ ಸುಮಾ. ತಿರುವನಂತಪುರಕ್ಕೆ ವರ್ಗವಾದ ಮೇಲೆ ಚಾಲೈ ಬಜಾರಿಗೆ ಹೋಗಿ ಫ್ರೇಮ್ ಹಾಕಿಸಿದೆ. ಇಷ್ಟವಾದ ಫ್ರೇಮ್ ಸಣ್ಣದಿತ್ತು, ಒಬ್ಬರನ್ನು ಕತ್ತರಿಸಬೇಕಿತ್ತು. ಯಾರನ್ನು ಕತ್ತರಿಸಿದೆ? ನೀವೇ ಹೇಳಿ.

ಹೆಗಲ ಮೇಲೆ ನಾಲ್ಕು ಬೆರಳು ಮಾತ್ರ ಉಳಿದವು. ಆಫೀಸಿನ ಮೇಜಿನ ಮೇಲೆ ಆ ಫೋಟೊ ನೋಡಿದವರೆಲ್ಲ ಅದು ಅವನದೇ ಕೈ ಅಂದುಕೊಂಡರು. ನಾನು ತಿದ್ದಲಿಲ್ಲ. ತಿದ್ದುವುದಿರಲಿ, "ನಮ್ಮಿಬ್ಬರದು ತುಂಬಾ ಸಲಿಗೆ" ಎಂದುಬಿಟ್ಟೆ. (ಬೆರಳಿಗೆ ನೇಲ್ ಪಾಲಿಶ್ ಇತ್ತು. ಅಭಿಮಾನಿಗಳಿಗೆ ಅದೆಲ್ಲ ಎಲ್ಲಿ ಕಾಣುತ್ತದೆ?)

ಸೋಮವಾರ ಮಾತ್ರ ಮಾನ ಹೋಗುವ ಹಾಗಾಯಿತು. "ಅದು ಅವನ ಕೈಯಲ್ಲ, ನನ್ನ ಹೆಂಡತಿಯದು!" ಎಂದು ಕಿರುಚಿದೆ. ಯಾರೂ ನಂಬಲಿಲ್ಲ.

ಸಂಜೆ ಫೋಟೊ ಮನೆಗೆ ತಂದೆ. ಸುಮಾ ಅದನ್ನು ನೋಡಿದ್ದು ಅವತ್ತೇ ಮೊದಲು. "ಹೆಂಡತಿಗೆ ಮೋಸ ಮಾಡೋನ ಮುಖ ನನಗೆ ಬೇಡ ಕಣೇ" ಎಂದು ಘನವಾಗಿ ಹೇಳಿ, "ಇದು ಅವನ ಕೈ ಅಂತಿದ್ದೆ. ನಿನ್ನ ಕೈದೊಂದು ಫೋಟೊ ತೆಗೀತೀನಿ, ಆಫೀಸಲ್ಲಿ ತೋರಿಸ್ಬೇಕು" ಅಂದೆ.

ಅವಳು ಫೋಟೊದಲ್ಲಿದ್ದ ತನ್ನ ಬೆರಳುಗಳನ್ನು ಮುಟ್ಟಿ ನೋಡಿದಳು.

"ಇಷ್ಟು ವರ್ಷ ನನ್ನ ಕೈನ ಅವರದ್ದು ಅಂದ್ರಿ. ಈಗ ನಂದು ಅಂತ ನೆನಪಾಯ್ತಾ? ಅವರಾದ್ರೂ ಟಿವೀಲಿ ಊರೆಲ್ಲ ನೋಡೋ ಹಾಗೆ ಹೆಂಡ್ತಿ ಹತ್ರ ಕ್ಷಮೆ ಕೇಳಿದ್ರು ಕಣ್ರೀ. ನೀವು?"

ನನ್ನಲ್ಲಿ ಟಿವಿ ಚಾನೆಲ್ ಇಲ್ಲ. ಇರುವುದು ಈ ಅಂಕಣವೊಂದೇ.

ಸುಮಾ, ತಪ್ಪಾಯಿತು.

(ಸಂಪಾದಕರೇ, ಜಾಗ ಸಾಲದಿದ್ದರೆ ಅಂಕಣದ ಮೇಲಿರುವ ನನ್ನ ಫೋಟೊ ಕತ್ತರಿಸಿ. ಸುಮಾಳ ಸಾಲನ್ನು ಮಾತ್ರ ಕತ್ತರಿಸಬೇಡಿ.)