ಇಳಕಲ್ ಓಣ್ಯಾಗ ಪ್ರೇಮಗೀತೆ

ಹಾಡು ಕಟ್ಟೂದು, ಹಾಡೂದು, ಅದಕ್ಕೊಂದು ಸಣ್ಣ ಸಿನಿಮಾ ತಗದು ಯೂಟ್ಯೂಬಿಗೆ ಹಾಕೂದು, ಇದ ನನ್ನ ಉದ್ಯೋಗ. ಹೊಸಾ ಪ್ರೇಮಗೀತೆಯ ಶೂಟಿಂಗಿಗೆ ಇಳಕಲ್ಲಿನ ಒಂದು ಓಣಿ ಆರಿಸಿದ್ವಿ. ಎರಡೂ ಕಡೆ ಮಗ್ಗದ ಮನಿ, ನಡುವ ಕೆಂಪು ಸೆರಗಿನ ಸೀರಿ ಉಟ್ಟ ನಾಯಕಿ ನಡಕೋತ ಬರಬೇಕು. ಬಿಸಲು ಏರೂದ್ರಾಗ ಮುಗಿಸಬೇಕಂತ ಮುಂಜಾನೆದ್ದು ಬಂದು, ಸ್ಪೀಕರಿನ್ಯಾಗ ಹಾಡು ಹಚ್ಚಿ ಕ್ಯಾಮೆರಾ ಚಾಲೂ ಮಾಡಿದೆ.

ನನ್ನ ದನಿ ಕೇಳಿದ್ದ ತಡ, ಒಂದೊಂದ ಮನಿ ಬಾಗಲಾ ತೆರದ್ವು. ಹೆಣ್ಣಮಕ್ಕಳು ಬಕೆಟ್ ಹಿಡಕೊಂಡು ಓಡಿಬಂದು ನಾಯಕಿ ಸುತ್ತ ನಿಂತ್ರು.

“ಗಾಡಿ ಎಲ್ಲೈತೋ ತಮ್ಮಾ?” ಮುಂದ ನಿಂತಿದ್ದ ಅಜ್ಜಿ ಕೇಳಿದಳು.

“ಯಾವ ಗಾಡಿ, ಯವ್ವಾ?”

“ಕಸದ ಗಾಡಿ! ದಿನಾ ಅದರಾಗ ಹಾಡೂ ದನಿ ಇದ ಅಲ್ಲೇನು?”

ಖರೆ. ಹೋದ ವರ್ಷ ಕಸದ ಗಾಡಿಗೆ ಹಾಡಿಕೊಟ್ಟಾಂವ ನಾನ. ನಾಯಕಿ ಬಾಯಿಗೆ ಸೆರಗು ಒತ್ತಿ ನಗಾಕತ್ತಿದ್ದಳು.

“ಇದು ಪ್ರೀತಿ ಹಾಡು, ಯವ್ವಾ,” ಅಂದೆ, ದನಿ ಸಣ್ಣದು ಮಾಡಿ.

ಅಜ್ಜಿ ಬಕೆಟ್ ಕೆಳಗಿಟ್ಟು ಹಾಡು ಪೂರಾ ಕೇಳಿದಳು. ಆಮ್ಯಾಲ ನನ್ನ ಮಾರಿ ನೋಡಿ ಹೇಳಿದಳು: “ಇದೂ ಛಲೋ ಐತಿ. ಆದ್ರ ಆ ಗಾಡಿ ಹಾಡು ಕೇಳಿದ್ರ ಮನಿಯಾದ್ರೂ ಸ್ವಚ್ಛ ಆಗತೈತಿ.”

ಬಕೆಟ್ಟಿನ ಆ ದೃಶ್ಯ ತಗದುಹಾಕಾಕ ಮನಸ್ಸಾಗಲಿಲ್ಲ, ಹಾಡಿನ್ಯಾಗ ಹಂಗ ಬಿಟ್ಟೇನಿ. ಸುಳ್ಳ ಯಾಕ ಹೇಳ್ಲಿ, ನಾ ಹಾಡಿದ್ದು ಕೇಳಿ ಮಂದಿ ಓಡಿಬಂದದ್ದನ್ನ ಕಣ್ಣಾರೆ ಕಂಡದ್ದು ಅವತ್ತೊಂದ ದಿನ.